ಮೌನವು ಸಮ್ಮತಿಯಲ್ಲ

ಮೌನವು ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಎದುರಿಗೆ ಕುಳಿತವನು ತುಟಿ ಬಿಚ್ಚದಿದ್ದರೂ ಅವನ ಮುಖವನ್ನು ನೋಡಿ ಮನಸ್ಸನ್ನು ಅರಿಯಬಹುದಾಗಿದ್ದ ಕಾಲದ ಮಾತು ಅದು. 2020ರ ಲಾಕ್‌ಡೌನಿನ ದಿನಗಳಲ್ಲಿ ಮನೆಮನೆಯನ್ನು ಹೊಕ್ಕ ಆನ್‌ಲೈನ್ ಸಭೆಗಳಲ್ಲಿ ಮಾತ್ರ ಈ ಗಾದೆಯನ್ನು ನಂಬಿ ನಡೆಯುವುದು ಅಪಾಯ. ಅಲ್ಲಿನ ಮೌನ ಸಮ್ಮತಿಯಾಗಿರಬಹುದು, ಅಸಮ್ಮತಿಯಾಗಿರಬಹುದು. ಬರಿಯ ಮೈಕಿನ ದೋಷವೂ ಆಗಿರಬಹುದು.

ಗೋಕಾಕದ ಬಳಿಯ ಧುಪದಾಳದಲ್ಲಿ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಕಾಲುವೆಯ ಬದಿಯ ಹೊಲವನ್ನು ಮಾರುವ ಮಾತು ಎದ್ದಿದೆ. ಹಿರಿಯ ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕೆಯಲ್ಲಿ. ಊರಲ್ಲಿ ಉಳಿದವಳು ತಾಯಿಯೊಬ್ಬಳೇ. ರಾತ್ರಿ ಊಟವಾದ ಮೇಲೆ ಎಲ್ಲರೂ ಪರದೆಯ ಮೇಲೆ ಕೂಡುತ್ತಾರೆ. “ಅವ್ವಾ, ನೀ ಏನಂತೀ?” ಎಂದು ಹಿರಿಯವನು ಕೇಳುತ್ತಾನೆ. ತಾಯಿಯ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. “ಅವ್ವ ಹೂಂ ಅಂದ್ಲು” ಎಂದು ಮಾತು ಮುಂದೆ ಸಾಗುತ್ತದೆ. ಆಕೆ ಹೇಳಿದ್ದು “ಬ್ಯಾಡ” ಎಂದು. ಮೈಕು ಮುಚ್ಚಿದ್ದುದರಿಂದ ಆ ಒಂದು ಮಾತು ಆ ಕೋಣೆಯಲ್ಲಿಯೇ ಉಳಿಯಿತು.

ಇಂಥ ಅನರ್ಥ ನಡೆಯಬಾರದೆಂದರೆ ಯಂತ್ರದ ದೋಷವನ್ನು ಹುಡುಕುವ ಕ್ರಮವನ್ನು ಮನೆಯಲ್ಲಿ ಒಬ್ಬರಾದರೂ ಅರಿತಿರಬೇಕು. ದನಿ ನಿಂತೊಡನೆ ನೆಟ್‌ವರ್ಕನ್ನು ಶಪಿಸುವುದು ವಾಡಿಕೆ. ಆದರೆ ದೋಷವು ಅನೇಕ ವೇಳೆ ಕೈಯಳತೆಯಲ್ಲಿಯೇ ಇರುತ್ತದೆ. ಸಭೆಯ ಯಾರಿಗೂ ನಮ್ಮ ಮಾತು ಕೇಳಿಸದಿದ್ದರೆ ತಪ್ಪು ಬಹುಶಃ ನಮ್ಮ ಕಡೆಯದು. ಒಬ್ಬನ ಮಾತು ಮಾತ್ರ ಯಾರಿಗೂ ಕೇಳಿಸದಿದ್ದರೆ ಅವನ ಕಡೆಯದು. ಮೊದಲು ಪರದೆಯ ಮೇಲಿನ ಮೈಕಿನ ಚಿತ್ರಕ್ಕೆ ಅಡ್ಡಗೆರೆ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಬ್ಲೂಟೂತ್ ಇಯರ್‌ಫೋನನ್ನು ವಿಚಾರಿಸಬೇಕು. ಅದು ಪಕ್ಕದ ಕೋಣೆಯ ದಿಂಬಿನ ಕೆಳಗೆ ಬಿದ್ದಿದ್ದರೂ ಫೋನು ಅದನ್ನೇ ಒಡೆಯನ ಕಿವಿಬಾಯಿಯೆಂದು ನಂಬಿರುತ್ತದೆ. ಮೂರನೆಯದಾಗಿ, ಮೈಕನ್ನು ಬಳಸಲು ಆ್ಯಪಿಗೆ ಅನುಮತಿ ಉಂಟೇ ಎಂಬುದನ್ನು ಸೆಟ್ಟಿಂಗಿನಲ್ಲಿ ಪರೀಕ್ಷಿಸಬೇಕು. ಇಷ್ಟರಿಂದಲೂ ಸರಿಹೋಗದಿದ್ದರೆ ಸಭೆಯಿಂದ ಹೊರಬಂದು ಮತ್ತೆ ಸೇರಬೇಕು.

ಪ್ರತಿಧ್ವನಿಯ ನ್ಯಾಯ ಇನ್ನೂ ವಿಚಿತ್ರವಾದುದು. ತನ್ನ ಮಾತೇ ತನಗೆ ಮರಳಿ ಕೇಳುವವನು ಸಾಮಾನ್ಯವಾಗಿ ನಿರಪರಾಧಿ. ಅವನ ದನಿ ಬೇರೊಬ್ಬರ ಮನೆಯ ಸ್ಪೀಕರಿನಿಂದ ಹೊರಟು ಅಲ್ಲಿಯ ಮೈಕನ್ನು ಹೊಕ್ಕು ಹಿಂದಿರುಗುತ್ತದೆ. ಒಬ್ಬೊಬ್ಬರಾಗಿ ಮೈಕನ್ನು ಮುಚ್ಚುತ್ತ ಬಂದರೆ, ಯಾರ ಸರದಿಗೆ ಪ್ರತಿಧ್ವನಿ ನಿಲ್ಲುವುದೋ ಅಲ್ಲಿಯೇ ದೋಷ. ಅವರು ಇಯರ್‌ಫೋನ್ ಹಾಕಿಕೊಂಡರೆ ತೊಂದರೆ ತಪ್ಪೀತು. ಒಂದೇ ಕೋಣೆಯಲ್ಲಿ ಎರಡು ಫೋನುಗಳಿಂದ ಒಂದೇ ಸಭೆಗೆ ಸೇರುವುದಂತೂ ಕಿರುಚಾಟಕ್ಕೆ ಆಹ್ವಾನವೇ ಸರಿ.

ಇವೆಲ್ಲ ಸರಿಯಿದ್ದೂ ಮಾತು ತುಂಡುತುಂಡಾಗಿ ಬಂದರೆ ಆಗ ನೆಟ್‌ವರ್ಕಿನ ಸರದಿ. ಧುಪದಾಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಘಟಪ್ರಭೆಗೆ 1897ರಲ್ಲಿ ಒಡ್ಡು ಕಟ್ಟಿ, 71 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ತೆಗೆದರು. ಯಾವ ಕಾಲುವೆಯಲ್ಲಾದರೂ ಮೇಲಿನವರು ನೀರನ್ನೆಲ್ಲ ತಿರುವಿಕೊಂಡರೆ ತುದಿಯ ಹೊಲ ಒಣಗುತ್ತದೆ. ಮನೆಯ ಇಂಟರ್ನೆಟ್ಟಿನ ಗತಿಯೂ ಅದೇ. ಒಂದು ಕೋಣೆಯಲ್ಲಿ ಸಿನೆಮಾ, ಇನ್ನೊಂದರಲ್ಲಿ ಆಟ ನಡೆದಿದ್ದರೆ ಸಭೆಯ ಪಾಲಿಗೆ ಹನಿಯಷ್ಟೇ ಉಳಿದೀತು. ಜೂಮ್ ಕಂಪನಿಯ ಲೆಕ್ಕದಂತೆ ಬರಿಯ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ಇಬ್ಬರ ನಡುವಣ ಒಳ್ಳೆಯ ಚಿತ್ರಕ್ಕಾದರೋ 600 ಬೇಕು. ಆದುದರಿಂದ ಬರಗಾಲದಲ್ಲಿ ಮೊದಲು ಬಿಡಬೇಕಾದುದು ಚಿತ್ರವನ್ನು. ಕ್ಯಾಮರಾ ಮುಚ್ಚಿದೊಡನೆ ಸತ್ತ ಮಾತು ಎಷ್ಟೋ ಸಲ ಜೀವ ತಳೆಯುತ್ತದೆ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ವೈಫೈ ಪೆಟ್ಟಿಗೆ ಇರುವ ಕೋಣೆಗೇ ಹೋಗಿ ಕುಳಿತರೆ ಇನ್ನೂ ಮೇಲು. ಕರೆಂಟು ಹೋದಾಗ ಫೋನು ಬದುಕಿದ್ದರೂ ಆ ಪೆಟ್ಟಿಗೆ ಆರುತ್ತದೆ. ಅದಕ್ಕೊಂದು ಸಣ್ಣ ಬ್ಯಾಟರಿಯಿದ್ದರೆ ಸಭೆ ಅರ್ಧಕ್ಕೆ ನಿಲ್ಲದು.

ಚಿತ್ರವಿಲ್ಲದೆ ಮನುಷ್ಯ ಸುಧಾರಿಸಿಕೊಳ್ಳಬಲ್ಲನೆಂಬುದಕ್ಕೆ ಇತಿಹಾಸದ ಸಾಕ್ಷಿಯೂ ಉಂಟು. ಅಮೆರಿಕೆಯ ಬೆಲ್ ಕಂಪನಿಯವರು ಮುಖ ತೋರಿಸುವ ‘ಪಿಕ್ಚರ್‌ಫೋನ’ನ್ನು 1964ರಲ್ಲಿ ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಇರಿಸಿದರು, 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಾರಾಟಕ್ಕೂ ತಂದರು. ದುಬಾರಿಯಾದ ಆ ಯಂತ್ರಕ್ಕೆ ಗಿರಾಕಿಗಳು ಸಿಗಲಿಲ್ಲ. ಬರಿಯ ದನಿಯ ಟೆಲಿಫೋನು ಮಾತ್ರ ಜಗತ್ತನ್ನೇ ಆಳಿತು. ಆದರೂ ಮೊಮ್ಮಗುವಿನ ಮುಖ ನೋಡುವ ಆಸೆ ಯಾರಿಗಿಲ್ಲ? ಹಾಗಿದ್ದರೆ ಕಿಟಕಿಗೆ ಬೆನ್ನು ಹಾಕದೆ ಮುಖಮಾಡಿ ಕೂಡಬೇಕು. ಅಡುಗೆಮನೆಯ ಜಿಡ್ಡು ಹತ್ತಿದ ಕ್ಯಾಮರಾದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಯಂತ್ರ ಸರಿಹೋದ ಮೇಲೂ ಮನುಷ್ಯರ ಕರ್ತವ್ಯ ಉಳಿದಿರುತ್ತದೆ. ದೂರದ ಮಾತು ತಡವಾಗಿ ತಲಪುತ್ತದೆ. ಸೆಕೆಂಡಿನ ನೂರರಲ್ಲಿ ಹದಿನೈದು ಪಾಲಿನಷ್ಟು ತಡವಾದರೆ ತಿಳಿಯುವುದಿಲ್ಲ. ನಲವತ್ತು ಪಾಲನ್ನು ಮೀರಿದರೆ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಾರೆ. ಕೇಳಿದವನು ತುಸು ಕಾಯಬೇಕು. ಹಿರಿಯರ ಕೂಡ ಮೊದಲೇ ಒಮ್ಮೆ ಮಾತಾಡಿ ದನಿಯನ್ನು ಪರೀಕ್ಷಿಸಿರಬೇಕು. ಪರದೆ ಕೈಕೊಟ್ಟರೆ ಸಾದಾ ಫೋನಿನಿಂದ ಕರೆಯಲು ಅವರ ನಂಬರನ್ನು ಎದುರಿಗೆ ಇರಿಸಿಕೊಂಡಿರಬೇಕು.

2020ರಿಂದೀಚೆಗೆ ನ್ಯಾಯಾಲಯಗಳೂ ವಿಡಿಯೊ ಮೂಲಕ ವಿಚಾರಣೆ ನಡೆಸುವುದನ್ನು ಕಲಿತಿವೆ. ಅಲ್ಲಿ ನ್ಯಾಯಾಧೀಶರ ಕಿವಿಗೆ ಬೀಳದ ವಾದ ಮಾಡದ ವಾದಕ್ಕೆ ಸಮಾನ. ಮನೆಯ ಪಂಚಾಯಿತಿಗೂ ಈ ಮಾತು ಸಲ್ಲುತ್ತದೆ. ಹೊಲವಿರಲಿ, ಮದುವೆಯಿರಲಿ, ಕೊನೆಯವರ ಬಾಯಿಂದ ‘ಹೂಂ’ ಇಲ್ಲವೆ ‘ಬೇಡ’ ಎಂಬುದನ್ನು ಕಿವಿಯಾರೆ ಕೇಳುವವರೆಗೆ ಯಾವ ತೀರ್ಮಾನವೂ ತೀರ್ಮಾನವಲ್ಲ.