ಸಿಗಡಿಗೂ ಜಾತಿ ಕಟ್ಟಬೇಡಿ

ನೇರವಾಗಿ ಹೇಳಿಬಿಡ್ತೀನಿ: ಅಕ್ವೇರಿಯಂ ಸಿಗಡಿ ಮಾರುವವರು ಹೇಳುವ ‘ಶುದ್ಧ ರಕ್ತ’ ವಿಜ್ಞಾನದ ಮಾತಲ್ಲ, ವ್ಯಾಪಾರದ ಮಾತು. ನಮಗಿದು ಹೊಸದೂ ಅಲ್ಲ. ದುಡ್ಡು ಕೊಟ್ಟು ತಂದದ್ದು ಜಾತಿ ನಾಯಿ, ಬೀದಿಯಲ್ಲಿ ಹುಟ್ಟಿದ್ದು ಕಂತ್ರಿ ನಾಯಿ ಅನ್ನುವ ಭಾಷೆ ನಮ್ಮದು.

ಚೆರ್ರಿ ಸಿಗಡಿಯನ್ನೇ ತಗೊಳ್ಳಿ. ಕೆಂಪು, ನೀಲಿ, ಹಳದಿ ಅಂತ ಬೇರೆ ಬೇರೆ ತೊಟ್ಟಿ, ಬೇರೆ ಬೇರೆ ಬೆಲೆ. ಆದರೆ ಎಲ್ಲವೂ ಒಂದೇ ಪ್ರಭೇದ, ನಿಯೋಕ್ಯಾರಿಡಿನಾ ಡೇವಿಡಿ. ಅದರ ಮೂಲ ಬಣ್ಣ ಮಾಸಲು ಕಂದು. ಕೆಂಪಿಗೆ ನೀಲಿ ಸೇರಿದರೆ ನೇರಳೆ ಮರಿ ಬರುತ್ತಾ ಅಂತ ಮಕ್ಕಳು ಕೇಳಿದರೆ ಇಲ್ಲ ಅನ್ನಿ. ಜೀನ್‌ಗಳು ಪೇಂಟ್ ಥರ ಕಲಸಿಹೋಗಲ್ಲ. ಎರಡು ತಳಿಗಳಲ್ಲಿ ಬೇರೆ ಬೇರೆ ಜೀನ್‌ಗಳು ಬದಲಾಗಿದ್ದರೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಹಾಗಾಗಿ ಬಹಳಷ್ಟು ಸಲ ಹಳೇ ಕಂದು ಬಣ್ಣವೇ ಮರಳುತ್ತೆ. ಇದಕ್ಕೆ ‘ತಳಿ ಕೆಟ್ಟಿತು’ ಅಂತಾರೆ. ಕೆಟ್ಟಿದ್ದೇನು? ಸಿಗಡಿ ತನ್ನ ಮೂಲ ರೂಪಕ್ಕೆ ಬಂತು, ಅಷ್ಟೇ.

ಇನ್ನು ಕ್ರಿಸ್ಟಲ್ ರೆಡ್. 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಜುಕಿ ತಮ್ಮ ಕಪ್ಪು-ಬಿಳಿ ಬೀ ಸಿಗಡಿಗಳ ನಡುವೆ ಕಂಡ ಕೆಂಪು ಸಿಗಡಿಯಿಂದ ಬೆಳೆಸಿದ ತಳಿ ಇದು. ಇಲ್ಲಿ ಕೆಂಪು ಹಿಂಜರಿಯುವ ಗುಣ. ಕೆಂಪು ಜೀನ್ ಇಲ್ಲದ ಕಪ್ಪಿನ ಜೊತೆ ಕೂಡಿಸಿದರೆ ಮರಿಗಳೆಲ್ಲ ಕಪ್ಪು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸುಮಾರು ನಾಲ್ಕರಲ್ಲಿ ಒಂದು ಕೆಂಪು. 1866ರಲ್ಲಿ ಮೆಂಡೆಲ್ ಬಟಾಣಿ ಗಿಡದ ಬಗ್ಗೆ ಬರೆದ ಲೆಕ್ಕವೇ ಇದು. ಅಂದರೆ ಮೈಬಣ್ಣ ನೋಡಿ ವಂಶ ಹೇಳೋಕಾಗಲ್ಲ. ಕೆಲವೇ ಸಿಗಡಿಗಳಿಂದ ಬೆಳೆದ ಈ ತಳಿ ಸೂಕ್ಷ್ಮ ಅಂತ ಸಾಕುವವರಿಗೆಲ್ಲ ಗೊತ್ತು. ಬಲ ಬರಲಿ ಅಂತ ಎಷ್ಟೋ ಜನ ಮತ್ತೆ ಕಪ್ಪಿನ ಜೊತೆಗೇ ಕೂಡಿಸ್ತಾರೆ. ‘ಶುದ್ಧ’ಕ್ಕೆ ಜೀವ ಕೊಡೋದು ಬೆರಕೆ!

ಗ್ರೇಡ್ ಕಥೆಯೂ ಅಷ್ಟೇ. ಸಕುರಾ, ಫೈರ್ ರೆಡ್ ಅನ್ನೋದು ಕಣ್ಣಳತೆಯ ಹೆಸರು. ವಯಸ್ಸು, ಆಹಾರ, ತಳದ ಮರಳಿನ ಬಣ್ಣ ಎಲ್ಲವೂ ಮೈಬಣ್ಣವನ್ನು ಬದಲಿಸುತ್ತವೆ. ಚೆರ್ರಿ ಹೆಣ್ಣು ಗಂಡಿಗಿಂತ ಗಾಢ.

ಹಾಗಾದರೆ ಎಲ್ಲವನ್ನೂ ಬೆರೆಸಿಬಿಡೋಣವಾ ಅಂತೀರಾ? ಖಂಡಿತ ಬೇಡ. ಕೆಂಪೇ ಬೇಕಿದ್ದರೆ ಬೇರೆ ತೊಟ್ಟಿಯಲ್ಲಿ ಸಾಕಿ, ಆರಿಸಿ ಬೆಳೆಸಿ. ಅದು ನಿಮ್ಮ ಇಷ್ಟ. ಇಷ್ಟಕ್ಕೆ ಶುದ್ಧತೆಯ ಹೆಸರು ಕೊಡಬೇಡಿ. ಯಾಕಂದ್ರೆ ಆ ಹೆಸರು ಕೊಟ್ಟ ಮರುಕ್ಷಣ ಕಂದು ಮರಿ ಕಸವಾಗುತ್ತೆ, ಯಾರೋ ಅದನ್ನು ಹತ್ತಿರದ ಹಳ್ಳಕ್ಕೆ ಸುರಿದು ಕೈತೊಳೆದುಕೊಳ್ತಾರೆ. ಜರ್ಮನಿಯ ಗಿಲ್‌ಬಾಖ್ ಹೊಳೆಗೆ ವಿದ್ಯುತ್ ಸ್ಥಾವರದ ಬಿಸಿನೀರು ಸೇರುತ್ತೆ. ಪೂರ್ವ ಏಷ್ಯಾದ ಈ ಚೆರ್ರಿ ಸಿಗಡಿ ಈಗ ಅಲ್ಲಿ ನೆಲೆ ನಿಂತಿದೆ. ತಾನಾಗಿ ನಡೆದು ಬಂದದ್ದಲ್ಲ.

ಮುಂದಿನ ಸಲ ಅಂಗಡಿಯಲ್ಲಿ ಗ್ರೇಡ್ ಕೇಳಬೇಡಿ. ತಂದೆತಾಯಿ ಯಾವ ಬಣ್ಣ, ಎಷ್ಟು ತಲೆಮಾರು ಸಾಕಿದ್ದೀರಿ, ಹೊಸ ಸಿಗಡಿ ಕೊನೇ ಸಲ ಸೇರಿಸಿದ್ದು ಯಾವಾಗ ಅಂತ ಕೇಳಿ. ಉತ್ತರ ಇಲ್ಲದವರಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಮನೆಯಲ್ಲಿ ಹುಟ್ಟಿದ ಕಂದು ಮರಿಗಳಿಗೂ ಒಂದು ಚಿಕ್ಕ ತೊಟ್ಟಿ ಇಡಿ. ಪಾಚಿ ತಿನ್ನೋದರಲ್ಲಿ ಅವೇನೂ ಕೆಂಪಿಗಿಂತ ಕಡಿಮೆಯಿಲ್ಲ.