ಎರಡನೆಯ ಅಲಗು ನೇರವಾಗಿರಲಿ

ಜೇಬಿನಲ್ಲಿ ಮಡಿಸಿಟ್ಟುಕೊಳ್ಳುವ ಚಾಕುವಿಗೆ ಎರಡು ಅಲಗು ಯಾಕೆ ಬೇಕು? ಈ ಪ್ರಶ್ನೆ ಕೇಳಿಕೊಳ್ಳದೆಯೇ ಬಹಳ ಜನ ಚಾಕು ಕೊಳ್ಳುತ್ತಾರೆ. ಹಿಡಿಯ ಬಣ್ಣ ನೋಡುತ್ತಾರೆ, ಮೊದಲ ಅಲಗಿನ ಹೊಳಪು ನೋಡುತ್ತಾರೆ, ಬೆಲೆ ಕೇಳುತ್ತಾರೆ. ಎರಡನೆಯ ಅಲಗನ್ನು ಬಿಚ್ಚಿ ನೋಡುವವರು ಕಡಿಮೆ. ನನ್ನ ಪ್ರಕಾರ ಎರಡಲಗಿನ ಸಾಂಪ್ರದಾಯಿಕ ಚಾಕುವಿನ ಯೋಗ್ಯತೆ ತೀರ್ಮಾನವಾಗುವುದೇ ಆ ಎರಡನೆಯ ಅಲಗಿನಲ್ಲಿ. ಅದರ ಬಾಯಿ ನೇರವಾಗಿರಬೇಕು ಎಂಬುದು ನನ್ನ ವಾದ.

ಚಾಕು ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಹಾಸ್ಟೆಲ್ ಕೋಣೆಗಳಿಗೆ ಬಂದು ನೋಡಿ. ಪಾರ್ಸೆಲ್ ಬಿಚ್ಚಲು ಬೀಗದ ಕೈ, ವೈರ್ ಸುಲಿಯಲು ಹಲ್ಲು, ಪ್ರಾಜೆಕ್ಟ್ ಮಾಡೆಲ್‌ಗೆ ರಟ್ಟು ಕತ್ತರಿಸಲು ಮುರಿದ ಬ್ಲೇಡಿನ ಚೂರು. ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಲ್ಯಾಬಿಗೆ ಬರುವವರು ಪ್ರತಿ ಸೆಮಿಸ್ಟರಿನಲ್ಲೂ ಇರುತ್ತಾರೆ. ಯಂತ್ರಗಳ ಬಗ್ಗೆ ನಾಲ್ಕು ವರ್ಷ ಓದುವ ನಾವು, ಮನುಷ್ಯನ ಅತಿ ಹಳೆಯ ಉಪಕರಣವನ್ನು ಆರಿಸಿಕೊಳ್ಳುವುದನ್ನೂ ಮಸೆಯುವುದನ್ನೂ ಕಲಿತಿರುವುದಿಲ್ಲ. ಕೈಯಲ್ಲಿರುವ ಹಣಕ್ಕೆ ಬರುವುದು ಒಂದೇ ಚಾಕು ಎಂದಾಗ ಆಯ್ಕೆ ಇನ್ನೂ ಮುಖ್ಯವಾಗುತ್ತದೆ.

ಈ ಬಗೆಯ ಚಾಕುಗಳ ತವರು ಇಂಗ್ಲೆಂಡಿನ ಶೆಫೀಲ್ಡ್. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲೇ ಆ ಊರಿನ ಚಾಕುವಿನ ಪ್ರಸ್ತಾಪವಿದೆ. ಅಲ್ಲಿನ ಚಾಕು ಕುಶಲಕರ್ಮಿಗಳ ಸಂಘ 1624ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಮುಂದೆ ಈ ಕಲೆ ಅಮೆರಿಕಕ್ಕೂ ಹೋಯಿತು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನ ಕೇಸ್ ಕಂಪನಿ ಇಂದಿಗೂ ಹಳೆಯ ನಮೂನೆಗಳನ್ನೇ ತಯಾರಿಸುತ್ತದೆ. ಇವಕ್ಕೆ ಲಾಕ್ ಇರುವುದಿಲ್ಲ. ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ.

ಇವುಗಳಲ್ಲಿ ಮೊದಲ ಅಲಗು ಸಾಮಾನ್ಯವಾಗಿ ‘ಕ್ಲಿಪ್’ ಅಥವಾ ‘ಸ್ಪಿಯರ್’ ಆಕಾರದ್ದು. ಅದರ ಬಾಯಿ ಮೊನೆಯ ಹತ್ತಿರ ಹೊಟ್ಟೆಯಂತೆ ಬಾಗಿ ಮೇಲೇರುತ್ತದೆ. ಹಣ್ಣು, ತರಕಾರಿ ಹೆಚ್ಚಲು, ಚರ್ಮ ಸುಲಿಯಲು ಆ ಬಾಗು ಬೇಕು. ನಮ್ಮ ಈಳಿಗೆಮಣೆಯ ಬಾಯಿ ಬಾಗಿರುವುದು ಸುಮ್ಮನೆ ಅಲ್ಲ. ಪ್ರಶ್ನೆ ಇರುವುದು ಎರಡನೆಯ ಅಲಗಿನದು.

ಹಳೆಯ ಚಾಕುಗಳಲ್ಲಿ ಎರಡನೆಯ ಅಲಗು ಹೆಚ್ಚಾಗಿ ಎರಡು ಬಗೆ. ಒಂದು ‘ಪೆನ್’ ಅಲಗು. ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡಲು ಬಳಸುತ್ತಿದ್ದರಿಂದ ‘ಪೆನ್‌ನೈಫ್’ ಎಂಬ ಹೆಸರೇ ಬಂತು. ಇನ್ನೊಂದು ‘ಸ್ಪೇ’ ಅಲಗು. ಅದು ಜಾನುವಾರುಗಳ ಸಂತಾನಹರಣ ಚಿಕಿತ್ಸೆಗೆಂದು ಹುಟ್ಟಿದ್ದು. ಅಮೆರಿಕದ ಜನಪ್ರಿಯ ‘ಟ್ರ್ಯಾಪರ್’ ಚಾಕುವಿನಲ್ಲಿ ಕ್ಲಿಪ್ ಜೊತೆಗಿರುವುದು ಇದೇ. ಎರಡೂ ತಮ್ಮ ಕಾಲಕ್ಕೆ ಸರಿಯಾದ ಉತ್ತರಗಳು. ಆದರೆ ಇವತ್ತು ಗರಿಯೂ ಇಲ್ಲ, ನಾವು ದನಗಾಹಿಗಳೂ ಅಲ್ಲ. ಪೆನ್ ಅಲಗು ಈಗ ದೊಡ್ಡ ಅಲಗಿನ ಸಣ್ಣ ನಕಲಾಗಿ ಉಳಿದಿದೆ. ಒಂದೇ ಕೆಲಸ ಮಾಡುವ ಎರಡು ಅಲಗುಗಳಿಗೆ ದುಡ್ಡು ಯಾಕೆ ಕೊಡಬೇಕು?

ನೇರ ಬಾಯಿಯ ಅಲಗು ಬೇರೆಯದೇ ಕೆಲಸ ಮಾಡುತ್ತದೆ. ಉಕ್ಕಿನ ಸ್ಕೇಲ್ ಇಟ್ಟು ರಟ್ಟಿನ ಮೇಲೆ ಗೆರೆ ಕೊಯ್ಯುವುದನ್ನು ಊಹಿಸಿಕೊಳ್ಳಿ. ಬಾಗಿದ ಅಲಗಿನಲ್ಲಿ ಮೊನೆ ಮೇಲೆ ಎದ್ದಿರುತ್ತದೆ. ಅದನ್ನು ಗೆರೆಗೆ ತಾಗಿಸಲು ಮಣಿಕಟ್ಟನ್ನು ಎತ್ತಬೇಕು, ಹಿಡಿತ ಸಡಿಲವಾಗುತ್ತದೆ. ನೇರ ಅಲಗಿನಲ್ಲಿ ಬುಡದಿಂದ ಮೊನೆಯವರೆಗೆ ಬಾಯಿ ಒಂದೇ ಸಾಲಿನಲ್ಲಿದೆ. ಕೈಯ ಬಲ ಮೊನೆಯವರೆಗೂ ಸಾಗುತ್ತದೆ. ದಾರ, ಟೇಪ್, ಕೇಬಲ್ ಟೈಗಳನ್ನು ಎಳೆದು ಕತ್ತರಿಸುವಾಗ ವಸ್ತು ಹೊಟ್ಟೆಯ ಮೇಲೆ ಜಾರಿ ತಪ್ಪಿಸಿಕೊಳ್ಳುವುದಿಲ್ಲ. ಪೆನ್ಸಿಲ್ ಚೂಪು ಮಾಡಲು, ಮರದ ತುಂಡು ಕೆತ್ತಲು ಇದೇ ಅನುಕೂಲ. ಗಿಡಗಳಿಗೆ ಕಸಿ ಕಟ್ಟುವವರ ಚಾಕುಗಳನ್ನು ನೋಡಿ. ಕೊಂಬೆಯಲ್ಲಿ ಸಪಾಟಾದ ಕೊಯ್ತ ಬೇಕಾದ್ದರಿಂದ ಅವುಗಳ ಬಾಯಿ ಸಾಮಾನ್ಯವಾಗಿ ನೇರವಾಗಿಯೇ ಇರುತ್ತದೆ.

ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೇರ ಬಾಯನ್ನು ಯಾರು ಬೇಕಾದರೂ ಮಸೆಯಬಹುದು. ಸಾಣೆಕಲ್ಲು ಸಪಾಟು, ಅಲಗಿನ ಬಾಯಿಯೂ ನೇರ. ಒಂದು ಕೋನದಲ್ಲಿ, ಪ್ರತಿ ಬದಿಗೆ ಸುಮಾರು 20 ಡಿಗ್ರಿ, ಹಿಡಿದು ಎಳೆದರೆ ಇಡೀ ಬಾಯಿ ಒಟ್ಟಿಗೆ ಕಲ್ಲಿಗೆ ತಾಗುತ್ತದೆ. ಬಾಗಿದ ಅಲಗಿಗಾದರೆ ಬಾಗಿಗೆ ತಕ್ಕಂತೆ ಕೈಯನ್ನು ತಿರುಗಿಸುತ್ತಾ ಹೋಗಬೇಕು. ಅದು ಅಭ್ಯಾಸದಿಂದ ಬರುವ ವಿದ್ಯೆ. ಮೊದಲು ನೇರ ಅಲಗಿನಲ್ಲಿ ಕೈ ಪಳಗಿಸಿಕೊಂಡರೆ ಆಮೇಲೆ ಬಾಗಿದ್ದಕ್ಕೂ ಧೈರ್ಯ ಬರುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯಕಾರಿ ಎಂಬುದು ಅಡುಗೆಮನೆಯಲ್ಲಿರುವ ಎಲ್ಲರಿಗೂ ಗೊತ್ತು. ಅದಕ್ಕೆ ಹೆಚ್ಚು ಬಲ ಹಾಕಬೇಕು, ಜಾರಿದರೆ ಗಾಯವೂ ದೊಡ್ಡದು.

‘ಇದಕ್ಕೆಲ್ಲ ಅಂಗಡಿಯಲ್ಲಿ ಸಿಗುವ ಅಗ್ಗದ ಕಟರ್ ಸಾಲದೇ?’ ಎಂದು ಗೆಳೆಯರು ಕೇಳುತ್ತಾರೆ. ಮುರಿದು ಎಸೆಯುವ ಬ್ಲೇಡಿನ ಆ ಕಟರ್ ಜಪಾನಿನಲ್ಲಿ 1956ರಲ್ಲಿ ರೂಪುಗೊಂಡಿತು. ಜಾಣ ಆವಿಷ್ಕಾರ, ಅನುಮಾನವಿಲ್ಲ. ಆದರೆ ಅದರ ಬಾಯಿ ಯಾವ ಆಕಾರದ್ದು? ನೇರ! ಅಂದರೆ ನಿತ್ಯದ ಕೆಲಸಕ್ಕೆ ನೇರ ಬಾಯಿಯೇ ಬೇಕೆಂದು ನಾವು ಈಗಾಗಲೇ ಒಪ್ಪಿಕೊಂಡಿದ್ದೇವೆ. ಕಟರ್‌ನ ತೆಳು ಬ್ಲೇಡ್ ಒತ್ತಿದರೆ ಬಳುಕುತ್ತದೆ, ಮರಕ್ಕೆ ಹಾಕಿದರೆ ಮುರಿಯುತ್ತದೆ, ಮೊಂಡಾದರೆ ಕಸದ ಬುಟ್ಟಿಗೆ ಹೋಗುತ್ತದೆ. ಒಳ್ಳೆಯ ಚಾಕುವನ್ನಾದರೆ ಮಸೆದು ವರ್ಷಗಟ್ಟಲೆ ಬಳಸಬಹುದು.

ನೇರ ಬಾಯಿಯಲ್ಲೂ ಮೂರು ಮುಖ್ಯ ಬಗೆಗಳಿವೆ. ‘ಶೀಪ್ಸ್‌ಫೂಟ್’ ಅಲಗಿನ ಬೆನ್ನು ತುದಿಯಲ್ಲಿ ಥಟ್ಟನೆ ಕೆಳಗಿಳಿದು ಬಾಯನ್ನು ಸೇರುತ್ತದೆ. ಚುಚ್ಚುವ ಮೊನೆ ಇಲ್ಲದ ಕಾರಣ ಓಲಾಡುವ ಹಡಗಿನಲ್ಲಿ ಹಗ್ಗ ಕತ್ತರಿಸುವ ನಾವಿಕರಿಗೆ ಇದು ಅಚ್ಚುಮೆಚ್ಚು. ‘ವಾರ್ನ್‌ಕ್ಲಿಫ್’ ಅಲಗಿನ ಬೆನ್ನು ನಿಧಾನವಾಗಿ ಇಳಿದು ಸೂಕ್ಷ್ಮ ಮೊನೆಯಾಗುತ್ತದೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಈ ನಮೂನೆಗೆ ಲಾರ್ಡ್ ವಾರ್ನ್‌ಕ್ಲಿಫ್ ಎಂಬ ಶ್ರೀಮಂತನ ಹೆಸರು ಬಂದಿದೆ. ‘ಲ್ಯಾಂಬ್‌ಫೂಟ್’ ಇವೆರಡರ ನಡುವಿನದು, ಶೆಫೀಲ್ಡಿನ ಸುತ್ತಲಿನ ದುಡಿಯುವವರ ಚಾಕು. ಸೂಕ್ಷ್ಮ ಮಾಡೆಲ್ ಕೆಲಸ ಹೆಚ್ಚಿದ್ದರೆ ವಾರ್ನ್‌ಕ್ಲಿಫ್, ಒರಟು ಕೆಲಸವಿದ್ದರೆ ಶೀಪ್ಸ್‌ಫೂಟ್ ಆರಿಸಿ. ವಾರ್ನ್‌ಕ್ಲಿಫ್ ಮೊನೆಯಿಂದ ಡಬ್ಬದ ಮುಚ್ಚಳ ಮೀಟಿದರೆ ಅದು ಮುರಿಯುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಅಲಗನ್ನು ಬಿಚ್ಚಿ ಸಪಾಟು ಮೇಲ್ಮೈಗೆ ಬಾಯಿ ತಾಗಿಸಿ. ನಡುವೆ ಬೆಳಕು ಕಾಣದಿದ್ದರೆ ಅದು ನಿಜಕ್ಕೂ ನೇರ. ಅಲಗನ್ನು ಅತ್ತಿತ್ತ ಅಲ್ಲಾಡಿಸಿ, ಕೀಲು ಸಡಿಲವಿರಬಾರದು. ತೆರೆಯುವಾಗ ‘ಟಕ್’ ಎಂದು ನಿಲ್ಲಬೇಕು. ಎರಡು ಅಲಗುಗಳು ಮಡಿಸುವಾಗ ಒಂದಕ್ಕೊಂದು ಉಜ್ಜಬಾರದು. ಮುಚ್ಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಅಡಗಬೇಕು. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಮಳೆ ಹೆಚ್ಚಿರುವ ಊರಿನವರಿಗೆ ಸ್ಟೇನ್‌ಲೆಸ್ ವಾಸಿ. ಕಾರ್ಬನ್ ಸ್ಟೀಲೇ ಬೇಕೆಂದರೆ ಒರೆಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿಡಿ.

ಲಾಕ್ ಇಲ್ಲದ ಚಾಕು ಅಪಾಯವಲ್ಲವೇ? ಕೊಯ್ಯುವಾಗ ಬಾಯಿಯ ಮೇಲೆ ಬೀಳುವ ಬಲ ಅಲಗನ್ನು ತೆರೆದ ಕಡೆಗೇ ಒತ್ತುತ್ತದೆ, ಮಡಚುವುದಿಲ್ಲ. ಚುಚ್ಚಲು ಹೋದರೆ ಮಾತ್ರ ಅದು ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಆದ್ದರಿಂದ ಚುಚ್ಚಬೇಡಿ. ಬ್ರಿಟನ್ನಿನ 1988ರ ಕಾಯ್ದೆ, ಲಾಕ್ ಇಲ್ಲದ ಮತ್ತು 3 ಇಂಚಿಗಿಂತ ಉದ್ದದ ಬಾಯಿಯಿಲ್ಲದ ಮಡಿಸುವ ಚಾಕುವಿಗೆ ವಿನಾಯಿತಿ ಕೊಟ್ಟಿರುವುದು ಅದು ಆಯುಧಕ್ಕಿಂತ ಹೆಚ್ಚಾಗಿ ಉಪಕರಣ ಎಂಬ ಕಾರಣಕ್ಕೇ ಇರಬೇಕು. ನಮ್ಮಲ್ಲಿ ಪರೀಕ್ಷಾ ಕೊಠಡಿ, ಇಂಟರ್‌ವ್ಯೂ, ಮೆಟ್ರೊ, ವಿಮಾನದ ಕೈಚೀಲ, ಇವೆಲ್ಲಕ್ಕೂ ಚಾಕು ದೂರವೇ ಇರಲಿ. ಅದರ ಜಾಗ ಮೇಜಿನ ಖಾನೆ, ಟೂಲ್ ಬಾಕ್ಸ್.

ನೇರ ಅಲಗು ಎಲ್ಲಕ್ಕೂ ಮದ್ದಲ್ಲ. ತಟ್ಟೆಯ ಮೇಲೆ ಟೊಮೆಟೊ ಹೆಚ್ಚಲು ಬಾಗಿದ್ದೇ ಬೇಕು. ಹಾಗಾಗಿಯೇ ನಾನು ಹೇಳುತ್ತಿರುವುದು ಎರಡನೆಯ ಅಲಗಿನ ಬಗ್ಗೆ. ಮೊದಲನೆಯದು ಬಾಗಿರಲಿ, ಎರಡನೆಯದು ನೇರವಿರಲಿ. ಎರಡನೆಯದನ್ನು ಕೊಳ್ಳುವಾಗ ‘ಮೊದಲನೆಯದು ಮಾಡಲಾಗದ ಏನನ್ನು ಇದು ಮಾಡುತ್ತದೆ?’ ಎಂದು ಕೇಳಿ. ಓದಿದ್ದನ್ನೇ ಮತ್ತೆ ಕಲಿಸುವ ಎರಡನೆಯ ಸರ್ಟಿಫಿಕೇಟ್ ಕೋರ್ಸಿಗೆ ಫೀಸು ಕಟ್ಟುವ ಮುಂಚೆಯೂ ಇದೇ ಪ್ರಶ್ನೆ ಕೇಳಬಹುದು. ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.