ಕಪ್ಪಾಗಲು ಹೆದರಬೇಡಿ, ಚರ್ಮ ಸುಡದಂತೆ ನೋಡಿಕೊಳ್ಳಿ

ಮಕ್ಕಳೇ,

"ಬಿಸಿಲಿನಲ್ಲಿ ಆಡಬೇಡ, ಕಪ್ಪಾಗುತ್ತೀಯ!" ಬೇಸಿಗೆ ಬಂತೆಂದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಹೆಣ್ಣುಮಕ್ಕಳಂತೂ ಇದನ್ನು ಹೆಚ್ಚಾಗಿ ಕೇಳುತ್ತಾರೆ. ಎಚ್ಚರಿಕೆ ಸರಿಯೇ. ಆದರೆ ಅದಕ್ಕೆ ಕೊಡುವ ಕಾರಣ ತಪ್ಪು ಎಂದು ನನ್ನ ಅಭಿಪ್ರಾಯ.

ಸೂರ್ಯನ ಬೆಳಕಿನ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಬರುತ್ತವೆ. ಇವು ಚರ್ಮದ ಜೀವಕೋಶಗಳಲ್ಲಿರುವ ಡಿ.ಎನ್.ಎ.ಗೆ ಹಾನಿ ಮಾಡುತ್ತವೆ. ಆಗ ಚರ್ಮವು ಮೆಲನಿನ್ ಎಂಬ ಕಂದು-ಕಪ್ಪು ಬಣ್ಣದ ವಸ್ತುವನ್ನು ಹೆಚ್ಚು ತಯಾರಿಸುತ್ತದೆ. ಇದು ಜೀವಕೋಶದ ಕೇಂದ್ರಕ್ಕೆ ಕೊಡೆ ಹಿಡಿದಂತೆ ನಿಂತು ಕಿರಣಗಳನ್ನು ಹೀರಿಕೊಳ್ಳುತ್ತದೆ. ಅಂದಮೇಲೆ ಕಪ್ಪು ಬಣ್ಣ ಕಾಯಿಲೆಯಲ್ಲ, ಕಾವಲುಗಾರ. ಬೆಳ್ಳಗಾಗಲು ಕ್ರೀಮು ಕೊಳ್ಳುವುದೆಂದರೆ ದುಡ್ಡು ಕೊಟ್ಟು ಕಾವಲುಗಾರನನ್ನು ಓಡಿಸಿದಂತೆ. ಅಂತಹ ಕೆಲವು ಕ್ರೀಮುಗಳಲ್ಲಿ ಪಾದರಸದಂತಹ ವಿಷವಸ್ತುವೂ ಇರುವುದುಂಟು.

ಆದರೆ ಕಾವಲುಗಾರನ ಶಕ್ತಿಗೂ ಮಿತಿಯಿದೆ. ಕಪ್ಪು ಚರ್ಮವೂ ಬಿಸಿಲಿಗೆ ಸುಡುತ್ತದೆ, ಉರಿಯುತ್ತದೆ, ಬೇಗ ಸುಕ್ಕುಗಟ್ಟುತ್ತದೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಕೂದಲೂ ಬೆಳ್ಳಗಿರುವ ಗೆಳೆಯನೋ ತೊನ್ನು ಇರುವ ಗೆಳತಿಯೋ ನಿಮ್ಮ ಶಾಲೆಯಲ್ಲಿರಬಹುದು. ಅವರಿಗೆ ನೆರಳು ಇನ್ನೂ ಅಗತ್ಯ. ಇವೆರಡೂ ಅಂಟುರೋಗಗಳಲ್ಲ. ಅವರನ್ನು ಆಟದಿಂದ ದೂರವಿಡಬೇಡಿ, ನೆರಳಿಗೆ ಕರೆದು ಜೊತೆಯಲ್ಲಿ ಆಡಿ.

ಬಿಸಿಲು ಯಾವಾಗ ಅಪಾಯಕಾರಿ? ನಿಮ್ಮ ನೆರಳನ್ನೇ ಕೇಳಿ! ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ ಎತ್ತರದಲ್ಲಿದ್ದಾನೆ. ಆಗ ಕಿರಣಗಳು ಗಾಳಿಯಲ್ಲಿ ಸಾಗುವ ದಾರಿ ಕಡಿಮೆ, ಆದ್ದರಿಂದ ಪ್ರಖರತೆ ಹೆಚ್ಚು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ 9 ಗಂಟೆ ದಾಟಿದ ಮೇಲೆ ಮಧ್ಯಾಹ್ನ 3 ಗಂಟೆ ಕಳೆಯುವವರೆಗೂ ನೆರಳು ಗಿಡ್ಡವೇ.

ರಕ್ಷಣೆಗೆ ಹೆಚ್ಚು ಖರ್ಚು ಬೇಕಿಲ್ಲ. ತಲೆಗೆ ಟವೆಲ್ ಅಥವಾ ಅಗಲ ಅಂಚಿನ ಟೋಪಿ, ಮೈಗೆ ತುಂಬುತೋಳಿನ ಹತ್ತಿ ಅಂಗಿ ಸಾಕು. ಹೊಲದಲ್ಲಿ ದುಡಿಯುವ ತಾಯಂದಿರು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಡುವುದನ್ನು ನೋಡಿ ನಗಬೇಡಿ. ಅದೂ ವಿಜ್ಞಾನವೇ.

ಹಾಗೆಂದು ಬಿಸಿಲು ನಮ್ಮ ಶತ್ರುವಲ್ಲ. ಡಿ ಜೀವಸತ್ವ ತಯಾರಿಸಲು ಚರ್ಮಕ್ಕೆ ಸ್ವಲ್ಪ ಬಿಸಿಲು ಬೇಕೇ ಬೇಕು. ಆದ್ದರಿಂದ ಆಟ ನಿಲ್ಲುವುದು ಬೇಡ, ಆಟದ ವೇಳೆ ಬದಲಾಗಲಿ. ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಬೇಸಿಗೆಯಲ್ಲಿ ಆಟದ ಅವಧಿ ದಿನದ ಕೊನೆಗಿರಲಿ. ಪ್ರಾರ್ಥನೆ ನೆರಳಿನಲ್ಲಿ ನಡೆಯಲಿ. ತಡವಾಗಿ ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಅದು ಇಂದೇ ಕೊನೆಗೊಳ್ಳಲಿ.

ಮಕ್ಕಳೇ, ನಾಳೆ ಒಂದು ಕೋಲು ನೆಟ್ಟು ಗಂಟೆಗೊಮ್ಮೆ ಅದರ ನೆರಳನ್ನು ಅಳೆದು ಬರೆದಿಡಿ. ಆ ಪಟ್ಟಿಯನ್ನು ಶಿಕ್ಷಕರಿಗೆ ತೋರಿಸಿ, ಆಟದ ವೇಳೆ ಯಾವುದಿರಬೇಕೆಂದು ಅವರೊಡನೆ ಚರ್ಚಿಸಿ. ಮಳೆಗಾಲ ಬಂದಾಗ ಶಾಲೆಯ ಅಂಗಳದಲ್ಲಿ ಒಂದು ಹೊಂಗೆ ಸಸಿ ನೆಡಿ. ಮುಂದೆ ಬರುವ ಮಕ್ಕಳು ಅದರ ನೆರಳಿನಲ್ಲಿ ಆಡುತ್ತಾರೆ.